ಟೈಲ್ಸ್ ಮೇಲೆ ನಾಯಿ ಉಗುರಿನ ಟಕ್‌ಟಕ್: ಕೆಳಗಿನ ಮನೆಗೆ ಕೇಳದ ಹಾಗೆ ಮಾಡೋದು ಹೇಗೆ?

ಮುಲುಂಡ್ ನಾಲ್ಕನೇ ಮಹಡಿ:

ಮುಂಬಯಿಯ ಮುಲುಂಡ್‌ನಲ್ಲಿ 2 ಬಿಎಚ್‌ಕೆ ಫ್ಲ್ಯಾಟ್. ಹಾಲ್‌ನಿಂದ ಮಲಗೋ ಕೋಣೆವರೆಗೂ ಪಾಲಿಶ್ ಮಾಡಿದ ವಿಟ್ರಿಫೈಡ್ ಟೈಲ್ಸ್, 2×2 ಅಡಿಯವು. ನಾಯಿ ದೇಸಿ, 6 ವರ್ಷ, 19 ಕೆಜಿ, ಉಗುರೆಲ್ಲ ಕಪ್ಪು. ರಾತ್ರಿ 11 ದಾಟಿದ ಮೇಲೆ ಬಾಗಿಲಿಂದ ಬಾಲ್ಕನಿಗೆ, ಬಾಲ್ಕನಿಯಿಂದ ನೀರಿನ ಬಟ್ಟಲಿಗೆ ಓಡಾಡುತ್ತೆ. ಕೆಳಗಿನ ಮನೆಯಲ್ಲಿ ವಯಸ್ಸಾದ ದಂಪತಿ ಇದ್ದಾರೆ. ಜಗಳವೇನೂ ಇಲ್ಲ, ನಿದ್ದೆ ಕೆಡ್ತಿದೆ ಅಂತ ಸಮಾಧಾನವಾಗೇ ಹೇಳಿದರು. ಜಮಖಾನ ಹಾಸಿದರೆ ಜಾರುತ್ತೆ, ಸಾಕ್ಸ್ ಹಾಕಿದರೆ ಹತ್ತು ನಿಮಿಷದಲ್ಲಿ ತಿರುಗಿಕೊಳ್ಳುತ್ತೆ. ಟೈಲ್ಸ್ ಕೀಳಿಸದೆ ಆಗೋ ದಾರಿ ಬೇಕು. ಯಾವುದಕ್ಕೆ ಮೊದಲು ಖರ್ಚು ಮಾಡೋದು?

ಉಗುರು ಮೊದಲು:

ಖರ್ಚು ಆಮೇಲೆ, ಮೊದಲು ಉಗುರು ನೋಡಿ. ನಾಯಿ ಸಮತಟ್ಟಾದ ನೆಲದ ಮೇಲೆ ನಾಲ್ಕೂ ಕಾಲೂರಿ ನೆಟ್ಟಗೆ ನಿಂತಿರುವಾಗ ಉಗುರಿನ ಕೆಳಗೆ ಒಂದು ಕಾಗದದ ಹಾಳೆ ತೂರಿಸಿ. ಸಲೀಸಾಗಿ ಹೋದರೆ ಉದ್ದ ಸರಿಯಾಗಿದೆ. ಸಿಕ್ಕಿಹಾಕಿಕೊಂಡರೆ ಉಗುರು ನೆಲಕ್ಕೆ ತಾಗ್ತಿದೆ ಅಂತ ಅರ್ಥ. ಹಾಗೆ ತಾಗೋ ಉಗುರು ಪ್ರತಿ ಹೆಜ್ಜೆಗೂ ಬೆರಳನ್ನ ಮೇಲಕ್ಕೆ, ಪಕ್ಕಕ್ಕೆ ತಳ್ಳುತ್ತೆ. ಅದು ಸದ್ದಿನ ಮಾತು ಮಾತ್ರ ಅಲ್ಲ, ಆರೇಳು ವರ್ಷ ದಾಟಿದ ನಾಯಿಯ ಕೀಲುಗಳಿಗೂ ಕಷ್ಟ.

ಕಪ್ಪು ಉಗುರಿನಲ್ಲಿ ಒಳಗಿನ ಹಸಿಭಾಗ, ಅಂದರೆ ಕ್ವಿಕ್, ಹೊರಗಿನಿಂದ ಕಾಣಲ್ಲ. ಅದರಲ್ಲಿ ರಕ್ತನಾಳ, ನರ ಎರಡೂ ಇರುತ್ತೆ. ಅದಕ್ಕೇ ಒಂದೇ ಏಟಿಗೆ ಕತ್ತರಿಸಬೇಡಿ, 1 ಮಿಮೀ ದಪ್ಪದ ಬಿಲ್ಲೆಗಳ ಹಾಗೆ ತೆಗೀತಾ ಹೋಗಿ. ಪ್ರತಿ ಸಲ ಕತ್ತರಿಸಿದ ಮುಖವನ್ನ ಟಾರ್ಚ್ ಬೆಳಕಲ್ಲಿ ನೋಡಿ. ಮೊದಮೊದಲು ಒಣಗಿದ ಸುಣ್ಣದ ಹಾಗೆ ಬಿಳಿ, ಪುಡಿಪುಡಿ ಇರುತ್ತೆ. ಒಂದೆರಡು ಬಿಲ್ಲೆ ಆದಮೇಲೆ ನಡುವೆ ನುಣುಪಾದ, ಸ್ವಲ್ಪ ಹೊಳೆಯೋ ಒಂದು ಚುಕ್ಕಿ ಮೂಡುತ್ತೆ, ಬೂದು ಇಲ್ಲಾ ಕಪ್ಪು ಬಣ್ಣದ್ದು. ಅಲ್ಲಿಗೆ ನಿಲ್ಲಿಸಿ, ಹಸಿಭಾಗ ಅದರ ಬೆನ್ನಿಗೇ ಇದೆ.

ಕತ್ತರಿ ಇಕ್ಕಳದ ಆಕಾರದ್ದೇ ಇರಲಿ. ಉಗುರನ್ನ ತೂತಿನೊಳಗೆ ತೂರಿಸಿ ಕತ್ತರಿಸೋ ಬಗೆಯದು ದಪ್ಪ ಉಗುರನ್ನ ಮೊದಲು ಹಿಸುಕಿ ಆಮೇಲೆ ಕತ್ತರಿಸುತ್ತೆ, ಅಲಗು ಮೊಂಡಾದರಂತೂ ಇನ್ನೂ ನೋವು. ಒಂದು ಸಲ ನೋವು ತಿಂದ ನಾಯಿ ಮುಂದಿನ ಸಲ ಕಾಲು ಕೊಡಲ್ಲ.

ರಕ್ತ ಬಂದರೆ ಗಾಬರಿಯಾಗಬೇಡಿ. ಔಷಧಿ ಅಂಗಡಿಯ ಸ್ಟಿಪ್ಟಿಕ್ ಪುಡಿ, ಅದಿಲ್ಲದಿದ್ದರೆ ಅಡುಗೆಮನೆಯ ಕಾರ್ನ್‌ಫ್ಲೋರ್ ಅಂಗೈಯಲ್ಲಿ ತಗೊಂಡು ಉಗುರಿನ ತುದಿಯನ್ನ ಅದರಲ್ಲಿ ಒತ್ತಿ ಮೂರು ನಾಲ್ಕು ನಿಮಿಷ ಹಿಡಿದುಕೊಳ್ಳಿ. ನಿಂತಿತಾ ಅಂತ ನಡುನಡುವೆ ತೆಗೆದು ನೋಡಿದರೇ ಮತ್ತೆ ಸುರಿಯೋದು. 20 ನಿಮಿಷ ಕಳೆದರೂ ನಿಲ್ಲದಿದ್ದರೆ ಡಾಕ್ಟರ್ ಹತ್ರ ಹೋಗಿ.

ತುಂಬ ದಿನ ಬಿಟ್ಟ ಉಗುರಲ್ಲಿ ಹಸಿಭಾಗವೂ ಉದ್ದಕ್ಕೆ ಬೆಳೆದಿರುತ್ತೆ, ಒಂದೇ ದಿನ ಗಿಡ್ಡ ಮಾಡೋಕಾಗಲ್ಲ. ವಾರಕ್ಕೊಮ್ಮೆ ಒಂದೊಂದು ಮಿಮೀ ತೆಗೀತಾ ಬಂದರೆ ಅದು ತಾನಾಗೇ ಹಿಂದೆ ಸರಿಯುತ್ತೆ, ಎರಡು ತಿಂಗಳಾದರೂ ಬೇಕು. ಆಮೇಲೆ ಎರಡು ಮೂರು ವಾರಕ್ಕೊಮ್ಮೆ ಸಾಕು. ಕತ್ತರಿಸಿದ ತುದಿಯ ಚೂಪು ಅಂಚೇ ಟೈಲ್ಸ್ ಮೇಲೆ ಜೋರಾಗಿ ಕೇಳಿಸೋದು, ಅದನ್ನ ಅರದಿಂದ ಉಜ್ಜಿ ದುಂಡಗೆ ಮಾಡಿ. ಉಗುರು ಉಜ್ಜೋ ಪುಟ್ಟ ಗ್ರೈಂಡರ್ ಇದ್ದರೆ ಕಡಿಮೆ ವೇಗದಲ್ಲಿ ಇಟ್ಟು, ಒಂದು ಸಲಕ್ಕೆ ಎರಡು ಸೆಕೆಂಡಿಗಿಂತ ಹೆಚ್ಚು ತಾಗಿಸಬೇಡಿ, ಉಗುರು ಕಾಯುತ್ತೆ. ಪಂಜದ ಕೂದಲು ಅದಕ್ಕೆ ಸುತ್ತಿಕೊಳ್ಳದ ಹಾಗೆ ಬೆರಳಲ್ಲಿ ಹಿಂದಕ್ಕೆ ಹಿಡಿದಿರಿ.

ಮುಂಗಾಲಿನ ಒಳಬದಿಗೆ ಮೇಲಿರೋ ಹೆಬ್ಬೆಟ್ಟಿನ ಉಗುರು ಮರೀಬೇಡಿ. ಅದು ನೆಲಕ್ಕೆ ತಾಗಲ್ಲ, ಸವೆಯೋದೂ ಇಲ್ಲ. ಸುತ್ತಿ ಬೆಳೆದು ಚರ್ಮದೊಳಗೆ ಚುಚ್ಚಿಕೊಂಡಿದ್ದರೆ ಮನೇಲಿ ಕೈ ಹಾಕದೆ ಡಾಕ್ಟರ್‌ಗೆ ತೋರಿಸಿ. ಮುಲುಂಡ್‌ನಲ್ಲಿ ಹತ್ತಿರ ಯಾರೂ ಸಿಗದಿದ್ದರೆ ಪರೇಲ್‌ನ ಪ್ರಾಣಿಗಳ ಆಸ್ಪತ್ರೆ, ಬೈಲ್ ಘೋಡಾ ಆಸ್ಪತ್ರೆ ಅಂತಾರಲ್ಲ, ಅದು ಇದ್ದೇ ಇದೆ.

ಪುಣೆ ಪೇಠೆ:

ಮೇಲಿನವರು ಹೇಳಿದ್ದಕ್ಕೆ ಒಂದು ಸೇರಿಸಬೇಕು. ನಾಯಿಗೆ ಬೆಕ್ಕಿನ ಹಾಗೆ ಉಗುರು ಒಳಗೆ ಎಳಕೊಳ್ಳೋಕೆ ಬರಲ್ಲ. ನೆಲ ಜಾರಿದರೆ ಬೆರಳು ಮಡಚಿ ಉಗುರೂರಿ ಹಿಡಿತ ಹುಡುಕುತ್ತೆ. ಟೈಲ್ಸ್ ನುಣುಪಾದಷ್ಟೂ ಸದ್ದು ಹೆಚ್ಚಾಗೋದು ಅದಕ್ಕೇ. ಇಲ್ಲಿನ ಹಳೇ ಮನೆಗಳಲ್ಲಿ ನಮ್ಮ ಕಲಬುರಗಿ ಕಡೆಯಿಂದ ಬಂದ ಶಹಾಬಾದ್ ಕಲ್ಲೇ ನೆಲ. ಪಾಲಿಶ್ ಇಲ್ಲದ ಆ ಕಲ್ಲು ಪಾದಕ್ಕೆ ಹಿಡಿತ ಕೊಡುತ್ತೆ, ಉಗುರನ್ನೂ ಸವೆಸುತ್ತೆ. ವಿಟ್ರಿಫೈಡ್ ಎರಡನ್ನೂ ಮಾಡಲ್ಲ.

ಬೆರಳ ಸಂದಿಯ ಕೂದಲು ಪಾದದಡಿಯ ಮೆತ್ತನೆ ಗಾದಿಗಿಂತ ಕೆಳಗೆ ಇಳಿದಿದ್ದರೆ ಗಾದಿಯ ಮಟ್ಟಕ್ಕೆ ಟ್ರಿಮ್ ಮಾಡಿ. ಪಾದ ಒಡೆದಿದೆ ಅಂತ ಕೊಬ್ಬರಿ ಎಣ್ಣೆ ಹಚ್ಚೋ ರೂಢಿ ನಮ್ಮವರಲ್ಲಿ ಬಹಳ. ಹಚ್ಚಿದರೆ ಅರ್ಧ ಗಂಟೆ ಬಿಟ್ಟು ಒರೆಸಿಬಿಡಿ, ಇಲ್ಲದಿದ್ದರೆ ನಾಯಿ ಜಾರಿ ಉಗುರನ್ನೇ ನೆಚ್ಚಿಕೊಳ್ಳುತ್ತೆ.

ಮಳೆಗಾಲದ ನಾಲ್ಕು ತಿಂಗಳು ಹೊರಗಿನ ಓಡಾಟ ಕಮ್ಮಿಯಾಗಿ ಉಗುರು ಸವೆಯೋದೂ ಕಮ್ಮಿ. ಜೂನ್‌ನಿಂದ ಕತ್ತರಿ ಹತ್ತು ದಿನಕ್ಕೊಮ್ಮೆ ಹೊರಗೆ ಬರಬೇಕು.

ನೆಲದ ಕೆಲಸ, ಡೊಂಬಿವಲಿ:

ಇಲ್ಲಿ ಎರಡು ಸದ್ದುಗಳಿವೆ, ಎರಡಕ್ಕೂ ಮದ್ದು ಬೇರೆ. ನಿಮ್ಮ ಹಾಲ್‌ನಲ್ಲಿ ಗಾಳಿಯ ಮೂಲಕ ಕೇಳೋದು ಒಂದು. ಟೈಲ್ಸ್‌ಗೆ ಬಿದ್ದ ಏಟು ಸಿಮೆಂಟ್ ಹಾಸು, ಸ್ಲ್ಯಾಬ್ ದಾಟಿ ಕೆಳಗಿನ ಸೀಲಿಂಗ್ ನಡುಗಿಸಿ ಕೇಳಿಸೋದು ಇನ್ನೊಂದು. ಪರದೆ, ಸೋಫಾ ಮೊದಲನೆಯದನ್ನ ಹೀರುತ್ತೆ, ಎರಡನೆಯದನ್ನ ಮುಟ್ಟೋದೂ ಇಲ್ಲ. ಅದನ್ನ ಏಟು ಬೀಳೋ ಜಾಗದಲ್ಲೇ ಮೆತ್ತಗೆ ಮಾಡಬೇಕು.

ಸಮಾಧಾನದ ವಿಷಯ ಏನಂದರೆ ಉಗುರಿನ ಟಕ್ ಅನ್ನೋದು ಚಿಕ್ಕ, ಗಟ್ಟಿ, ಕೀರಲು ಏಟು. ಅಂಥದಕ್ಕೆ ತೆಳು ಮೆತ್ತೆಯೂ ಸಾಕು. 4–5 ಮಿಮೀ ಫೆಲ್ಟ್, ಅಂದರೆ ನಾರನ್ನ ಒತ್ತಿ ಮಾಡಿದ ದಪ್ಪ ಬಟ್ಟೆ, ಅದರ ಮೇಲೆ ರನ್ನರ್, ಅಂದರೆ ಕಿರಿದಾದ ಉದ್ದ ಹಾಸು, ಹಾಸಿದರೆ ಕೆಳಗೆ ಬಹುಪಾಲು ಅಡಗುತ್ತೆ. ಆದರೆ ನಾಯಿ ಸೋಫಾದಿಂದ ಧುಮುಕೋ ಧಡ್ ಸದ್ದು ಅಷ್ಟಕ್ಕೆ ಬಗ್ಗಲ್ಲ. ಧುಮುಕೋ ಜಾಗದಲ್ಲಿ ಹಳೇ ಹತ್ತಿ ಹಾಸಿಗೆಯನ್ನೇ ಮಡಚಿ ಹಾಕಿ, ಇಲ್ಲಾ ಒಂದು ಮೆಟ್ಟಿಲು ಕೊಡಿ.

ಮನೆ ತುಂಬ ಹಾಸಬೇಡಿ, ದುಡ್ಡು ದಂಡ. ಎರಡು ರಾತ್ರಿ ಅದು ಓಡಾಡೋ ದಾರಿ ಗಮನಿಸಿ, ಅದಕ್ಕಷ್ಟೇ 2ರಿಂದ 2.5 ಅಡಿ ಅಗಲದ ರನ್ನರ್ ಹಾಸಿ. ತಿರುವಿನಲ್ಲಿ ಎರಡು ತುಂಡು ಅರ್ಧ ಅಡಿ ಒಂದರ ಮೇಲೊಂದು ಬರಲಿ. ಅಲ್ಲಿ ಸಂದಿ ಬಿಟ್ಟರೆ ನಾಯಿ ಸರಿಯಾಗಿ ಅಲ್ಲೇ ಉಗುರೂರುತ್ತೆ. ನೀರಿನ ಬಟ್ಟಲಿನ ಕೆಳಗೆ ರಬ್ಬರ್ ಹಾಳೆ ಇರಲಿ, ಸ್ಟೀಲ್ ಬಟ್ಟಲು ಟೈಲ್ಸ್ ಮೇಲೆ ಸರಿಯೋ ಸದ್ದು ಉಗುರಿಗಿಂತ ಜೋರು.

ಜಮಖಾನ ಜಾರೋದಕ್ಕೆ ಕೆಳಗೆ ನೈಸರ್ಗಿಕ ರಬ್ಬರಿನ ಜಾಲರಿ ಹಾಕಿ, ಅಂಚಿನಿಂದ ಒಂದು ಇಂಚು ಒಳಗಿರೋ ಹಾಗೆ ಕತ್ತರಿಸಿ. ಹಾಕೋ ಮೊದಲು ಟೈಲ್ಸ್ ಬರೀ ನೀರಲ್ಲಿ ಒರೆಸಿ ಒಣಗಿಸಿ, ಫಿನೈಲ್ ಪಸೆ ಉಳಿದಿದ್ದರೆ ಯಾವ ಜಾಲರಿಯೂ ಹಿಡಿಯಲ್ಲ. ಅಗ್ಗದ ಪಿವಿಸಿ ಜಾಲರಿ ಸೆಖೆಗೆ ಅಂಟಿ ಹಳದಿ ಗುರುತು ಬಿಡುತ್ತೆ. ರಬ್ಬರ್ ಹಾಳೆ ಬೇಕಾದ ಅಳತೆಗೆ ನಾಗದೇವಿ ಸ್ಟ್ರೀಟ್‌ನಲ್ಲಿ ಕತ್ತರಿಸಿ ಕೊಡ್ತಾರೆ.

ಮುಂಬಯಿ ಮಳೆಗೆ ಸೆಣಬು, ತೆಂಗಿನ ನಾರು ಬೇಡ, ವಾಸನೆ ಹಿಡಿದು ಬೂಷ್ಟು ಕಟ್ಟುತ್ತೆ. ಪಾಲಿಪ್ರೊಪಿಲೀನ್ ರನ್ನರ್ ತಗೊಳ್ಳಿ, ಮೇಲ್ಮೈ ಬಿಗಿ ನೇಯ್ಗೆಯದಿರಲಿ. ಕುಣಿಕೆ ಕುಣಿಕೆಯಾಗಿ ನೇಯ್ದಿದ್ದರೆ ಉಗುರು ಸಿಕ್ಕಿ ಬುಡಸಮೇತ ಕಿತ್ತು ಬರೋ ಅಪಾಯ ಇದೆ. ಫೆಲ್ಟನ್ನ ಮೂರು ದಿನಕ್ಕೊಮ್ಮೆ ಎತ್ತಿ ಫ್ಯಾನ್ ಕೆಳಗೆ ಒಣಗಿಸಿ.

ಒಂದು ಪರೀಕ್ಷೆ ಬಾಕಿ. ಒಂದು ರೂಪಾಯಿ ನಾಣ್ಯದಿಂದ ಟೈಲ್ಸ್ ಒಂದೊಂದನ್ನೇ ತಟ್ಟುತ್ತಾ ಹೋಗಿ. ಗಟ್ಟಿ ಸದ್ದಿನ ನಡುವೆ ಎಲ್ಲಾದರೂ ಡೊಳ್ಳು ಸದ್ದು ಬಂದರೆ ಕೆಳಗೆ ಟೊಳ್ಳಿದೆ, ಅದು ತಮಟೆಯ ಹಾಗೆ ಸದ್ದು ಹಿಗ್ಗಿಸುತ್ತೆ. ಹಳೇ ಟೈಲ್ಸ್ ಮೇಲೇ ಹೊಸದನ್ನ ಅಂಟಿಸಿದ ಕಡೆ, ಮೂಲೆಗಷ್ಟೇ ಅಂಟು ಮೆತ್ತಿದ ಕಡೆ ಇದು ಮಾಮೂಲು. ಅಂಥ ಟೈಲ್ಸ್ ನಾಲ್ಕೋ ಐದೋ ಇದ್ದರೆ ಅವನ್ನಷ್ಟೇ ತೆಗೆಸಿ ಪೂರ್ತಿ ಅಂಟು ಹಾಕಿಸಿ ಕೂರಿಸಬಹುದು.

ಮುಲುಂಡ್ ನಾಲ್ಕನೇ ಮಹಡಿ:

ತುಂಬ ಉಪಕಾರ. ಕಾಗದದ ಪರೀಕ್ಷೆ ಈಗಲೇ ಮಾಡಿದೆ, ಮುಂಗಾಲು ಎರಡೂ ಸಿಕ್ಕಿಹಾಕಿಕೊಂಡವು. ನಾಣ್ಯ ತಟ್ಟಿದರೆ ಬಾಲ್ಕನಿ ಬಾಗಿಲ ಮುಂದಿನ ಮೂರು ಟೈಲ್ಸ್ ಟೊಳ್ಳು. ಉಗುರು ಗಿಡ್ಡ ಆಗೋವರೆಗೆ ರಾತ್ರಿ ಸಾಕ್ಸ್ ಹಾಕಬಹುದಾ? ಮಕ್ಕಳ ಫೋಮ್ ಚಾಪೆ ಮನೇಲಿದೆ, ನಡೆಯುತ್ತಾ?

ಉಗುರು ಮೊದಲು:

ಸಾಕ್ಸ್ ಬೇಡ ಅಂತಲೇ ನನ್ನ ಅಭಿಪ್ರಾಯ. ನಾಯಿಯ ಪಾದ ಬೆವರುತ್ತೆ, ಇಲ್ಲಿನ ತೇವಕ್ಕೆ ಬೆರಳ ಸಂದಿ ನೆನೆದು ಸೋಂಕಾಗುತ್ತೆ. ತಿರುಗದ ಹಾಗೆ ಬಿಗಿ ಮಾಡಿದರೆ ಪಂಜ ಊದಿಕೊಳ್ಳುತ್ತೆ. ಹಾಕಲೇಬೇಕಾದರೆ ಎಚ್ಚರವಿದ್ದು ಕಣ್ಣಿಟ್ಟಿರೋ ಒಂದೆರಡು ಗಂಟೆ ಮಾತ್ರ, ಪಟ್ಟಿಯೊಳಗೆ ಒಂದು ಬೆರಳು ತೂರಬೇಕು.

ಫೋಮ್ ಚಾಪೆ ಸದ್ದು ಚೆನ್ನಾಗಿ ತಡೆಯುತ್ತೆ, ಆದರೆ ಅಂಚು ಕಚ್ಚೋ ನಾಯಿಗೆ ಖಂಡಿತ ಬೇಡ. ನುಂಗಿದ ತುಂಡು ಕರುಳಿನಲ್ಲಿ ಸಿಕ್ಕಿದರೆ ಆಪರೇಷನ್‌ವರೆಗೂ ಹೋಗುತ್ತೆ.

ಇನ್ನೊಂದು. ರಾತ್ರಿ ಓಡಾಟ ಇತ್ತೀಚೆಗೆ ಶುರುವಾಗಿದ್ದಾ? ಹಾಗಾದರೆ ತುರಿಕೆ, ಕೀಲುನೋವು, ಪದೇಪದೇ ಮೂತ್ರ, ಇವನ್ನ ಡಾಕ್ಟರ್ ಹತ್ರ ಒಮ್ಮೆ ನೋಡಿಸಿ. ಎಷ್ಟು ನೀರು ಕುಡಿಯುತ್ತೆ ಅಂತ ಎರಡು ದಿನ ಅಳೆದು ಬರೆದಿಟ್ಟುಕೊಂಡು ಹೋಗಿ.

ನೆಲದ ಕೆಲಸ, ಡೊಂಬಿವಲಿ:

ರನ್ನರ್ ಕೊಳ್ಳೋ ಮೊದಲು ಕೆಳಗಿನವರನ್ನ ಕೇಳಿ ಹಗಲು ಹತ್ತು ನಿಮಿಷ ಅವರ ಮನೇಲಿ ಒಬ್ಬರು ಕೂತುಕೊಳ್ಳಿ. ಮೇಲೆ ನಾಯಿಯನ್ನ ಬೆಲ್ಟ್ ಹಾಕಿ ಬರೀ ಟೈಲ್ಸ್ ಮೇಲೆ ನಡೆಸಿ, ಆಮೇಲೆ ಎರಡು ಮಡಿಕೆ ಕಂಬಳಿ ಮೇಲೆ, ಆಮೇಲೆ ಆ ಮೂರು ಟೊಳ್ಳು ಟೈಲ್ಸ್ ಮೇಲೆ. ಎಲ್ಲಿ ಜೋರಾಗಿ ಕೇಳುತ್ತೋ ಅಲ್ಲಿಂದ ಕೆಲಸ ಶುರು ಮಾಡಿ.