ಬಿಯೆರ್ತಾನ್ ಪುರಸಭೆನೋ, ಪಂಚಾಯ್ತಿನೋ? ರೊಮೇನಿಯಾದ ಹಳ್ಳಿ ಬಗ್ಗೆ ಒಂದು ಭಿತ್ತಿಪತ್ರ

ಗದಗಿನ ಸಮಾಜ ಪಾಠ:
ಏಪ್ರಿಲ್ 18ರ ವಿಶ್ವ ಪರಂಪರೆ ದಿನಕ್ಕ ಪ್ರೌಢಶಾಲೆ ಮಕ್ಕಳ ಕೈಲೆ ಎರಡು ಭಿತ್ತಿಪತ್ರ ಮಾಡಸೋದೈತ್ರಿ. ಒಂದು ಲಕ್ಕುಂಡಿ, ಇನ್ನೊಂದು ರೊಮೇನಿಯಾದ ಬಿಯೆರ್ತಾನ್. ಲಕ್ಕುಂಡಿಗೆ ಸಾಮಗ್ರಿ ಬೇಕಾದಷ್ಟೈತಿ. ಬಿಯೆರ್ತಾನ್ ಕರಡಿನಾಗ "ಸಿಬಿಯು ಜಿಲ್ಲೆಯ ಒಂದು ಪುರಸಭೆ, ಸ್ಯಾಕ್ಸನಿಯಿಂದ ಬಂದವರು ಕಟ್ಟಿದ ಊರು" ಅಂತ ಬರದೇವಿ. ಸರಿ ಐತೇನ್ರಿ? ಹೆಸರು ಕನ್ನಡದಾಗ ಹೆಂಗ ಬರೀಬೇಕು? ಚರ್ಚು ಬಿಟ್ಟು ಬ್ಯಾರೆ ಏನು ಹಾಕಬಹುದು?

ವರದಾ ದಂಡಿ, ಹಾವೇರಿ:
ಮೊದಲ ಸಾಲಿನಾಗ ಎರಡು ತಪ್ಪು ಅದಾವ್ರಿ.

ಅದು ಪುರಸಭೆ ಅಲ್ಲ. ರೊಮೇನಿಯಾದಾಗ "ಮುನಿಚಿಪಿಯು" ಅಂದ್ರ ದೊಡ್ಡ ನಗರ, "ಒರಾಶ್" ಅಂದ್ರ ಪಟ್ಟಣ, "ಕೊಮೂನ" ಅಂದ್ರ ಕೆಲವು ಹಳ್ಳಿ ಸೇರಿದ ಗ್ರಾಮೀಣ ಘಟಕ. ಇಂಗ್ಲಿಷಿನಾಗ ಕೆಲವರು ಎಲ್ಲಾನೂ ಮುನಿಸಿಪಾಲಿಟಿ ಅಂತ ಬರೀತಾರ, ಅದನ್ನ ಕನ್ನಡಕ್ಕ ತಂದಾಗ ಹಳ್ಳಿ ಹೋಗಿ ಪುರಸಭೆ ಆಗತೈತಿ. ಬಿಯೆರ್ತಾನ್ ಕೊಮೂನದಾಗ ಮೂರು ಹಳ್ಳಿ: ಬಿಯೆರ್ತಾನ್, ಕೊಪ್ಶ ಮಾರೆ, ರಿಕಿಶ್. ನಮ್ಮ ಗ್ರಾಮ ಪಂಚಾಯ್ತಿಗೆ ಹತ್ತಿರ ಅನ್ರಿ, ಪೂರ್ತಿ ಅದೇ ಅನಬ್ಯಾಡ್ರಿ. ಅಲ್ಲಿ ತಾಲ್ಲೂಕಿನ ಹಂತ ಇಲ್ಲ, ಕೊಮೂನದ ಮ್ಯಾಲೆ ನೇರ ಜಿಲ್ಲೆ. ನಮ್ಮ ಅಧ್ಯಕ್ಷರನ್ನ ಸದಸ್ಯರು ಆರಿಸ್ತಾರ, ಅಲ್ಲಿಯ "ಪ್ರಿಮಾರ್"ನ್ನ ಜನಾನ ನೇರ ಆರಿಸ್ತಾರ, ನಾಕು ವರ್ಷಕ್ಕ. ಜನಸಂಖ್ಯೆ ಹಾಕೋದಿದ್ರ ಅದು ಮೂರೂ ಹಳ್ಳಿದೋ, ಬಿಯೆರ್ತಾನ್ ಒಂದೇ ಹಳ್ಳಿದೋ ನೋಡಿ ಹಾಕ್ರಿ. ಬಾಳ ಮಂದಿ ಎಡವೋದು ಇಲ್ಲೇ.

ಸ್ಯಾಕ್ಸನಿನೂ ತಪ್ಪು. ಅವರನ್ನ ಸ್ಯಾಕ್ಸನ್ನರು ಅಂತ ಕರೀತಾರ ಖರೆ, ಆದ್ರ ಬಂದವರಾಗ ಬಾಳ ಮಂದಿ ರೈನ್, ಮೋಸೆಲ್ ನದಿ ಕಡೆಯವರು, ಲಕ್ಸೆಂಬರ್ಗ್ ಸುತ್ತಿನವರು. 12ನೇ ಶತಮಾನದ ನಡುವೆ ಹಂಗೇರಿ ರಾಜ ಎರಡನೆಯ ಗೇಜಾ ಗಡಿ ಕಾಯಾಕ, ಭೂಮಿ ಉಳಾಕ ಅವರನ್ನ ಕರೆಸಿದ.

ಇನ್ನ ಹೆಸರು. ಎಸ್ ಕೆಳಗ ಬಾಲ ಇದ್ರ "ಶ", ಟಿ ಕೆಳಗ ಬಾಲ ಇದ್ರ "ತ್ಸ". ಸಿಎಚ್ ಆದ ಮ್ಯಾಲೆ ಇ ಅಥವಾ ಎ ಬಂದ್ರ "ಕ". ಅದಕ್ಕ ರಿಚಿಶ್ ಅಲ್ಲ, ರಿಕಿಶ್. ಬರೇ ಸಿ ಆದ ಮ್ಯಾಲೆ ಅವೇ ಸ್ವರ ಬಂದ್ರ "ಚ".

ಸಾಧನಕೇರಿ ಓದುಗ:
ಹೆಸರಿನ ಬಗ್ಗೆಯೇ ಇನ್ನೊಂದು. ಊರಿಗೆ ಮೂರು ಹೆಸರು: ರೊಮೇನಿಯನ್ನಿನಲ್ಲಿ ಬಿಯೆರ್ತಾನ್, ಜರ್ಮನ್ನಿನಲ್ಲಿ ಬಿರ್ಟ್‌ಹೆಲ್ಮ್, ಹಂಗೇರಿಯನ್ನಿನಲ್ಲಿ ಬೆರೆತ್‌ಹಾಲೊಮ್. ಈ ಊರಿರುವ ಟ್ರಾನ್ಸಿಲ್ವೇನಿಯ ಪ್ರಾಂತ ರೊಮೇನಿಯಾಕ್ಕೆ ಸೇರಿದ್ದು 1918ರಲ್ಲಿ. ಅದಕ್ಕೂ ಹಿಂದಿನ ನಕ್ಷೆಯಲ್ಲಿ ಹುಡುಕುವಾಗ ಹಳೆಯ ಎರಡು ಹೆಸರೂ ಕೈಯಲ್ಲಿರಲಿ. ಪುಲಿಗೆರೆ ಎಂದರೆ ಲಕ್ಷ್ಮೇಶ್ವರ ಎಂದು ತಿಳಿಯದವರು ಶಾಸನ ಓದಿದಂತಾಗಬಾರದು.

ದಾಖಲೆಯಲ್ಲಿ ಊರು ಮೊದಲು ಕಾಣುವುದು 1283ರಲ್ಲಿ. ಗುಡ್ಡದ ಮೇಲಿನ ಚರ್ಚು ಗಾಥಿಕ್ ಶೈಲಿಯ ಕೊನೆಯ ಹಂತದ್ದು, 15ನೇ ಶತಮಾನದ ಕೊನೆಗೆ ಶುರುವಾಗಿ 16ನೆಯದರ ಆರಂಭದಲ್ಲಿ ಮುಗಿದದ್ದು. ಸುತ್ತ ಮೂರು ಸುತ್ತಿನ ಗೋಡೆ. ಒಳಗಿನ ಬಲಿಪೀಠಕ್ಕೆ 28 ಚಿತ್ರಫಲಕಗಳಿವೆ. 1572ರಿಂದ 1867ರವರೆಗೆ ಟ್ರಾನ್ಸಿಲ್ವೇನಿಯದ ಲೂಥರನ್ ಬಿಷಪ್ಪರ ಪೀಠ ಇಲ್ಲೇ ಇತ್ತು, ಆಮೇಲೆ ಸಿಬಿಯು ನಗರಕ್ಕೆ ಹೋಯಿತು. ಒಂದು ಹಳ್ಳಿಗೆ ಇಷ್ಟು ದೊಡ್ಡ ಚರ್ಚು ಯಾಕೆ ಎಂದು ಮಕ್ಕಳು ಕೇಳಿಯೇ ಕೇಳುತ್ತಾರೆ. ಕಟ್ಟಿಸಿದ್ದು ಬಿಷಪ್ಪರಲ್ಲ, ಅವರು ಬಂದದ್ದು ಆಮೇಲೆ. ದ್ರಾಕ್ಷಿ ಬೆಳೆದು ವೈನ್ ಮಾರಿ ಅನುಕೂಲವಾಗಿದ್ದ ಪೇಟೆ ಊರು ಅದು. ಗುಡ್ಡದ ಇಳಿಜಾರಿನಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಕಡಿದ ದ್ರಾಕ್ಷಿ ಪಟ್ಟಿಗಳ ಗುರುತು ಇನ್ನೂ ಕಾಣುತ್ತದೆ.

ಪೂಜಾ ಸಾಮಗ್ರಿ ಇಡುವ ಕೋಣೆಯ ಬಾಗಿಲ ಬೀಗವನ್ನು ಬಿಡಬೇಡಿ: ಒಂದೇ ಕೀಲಿ ತಿರುವಿದರೆ ಹತ್ತಕ್ಕೂ ಹೆಚ್ಚು ಅಗಳಿಗಳು ನಾಲ್ಕೂ ಕಡೆ ಚೌಕಟ್ಟಿಗೆ ಹೋಗಿ ಕೂರುತ್ತವೆ. ವಿಚ್ಛೇದನ ಕೇಳಿದ ಗಂಡ ಹೆಂಡಿರನ್ನು ಒಂದೇ ಕೋಣೆಯಲ್ಲಿ ಕೂಡಿ ಹಾಕುತ್ತಿದ್ದರು, 300 ವರ್ಷದಲ್ಲಿ ಒಂದೇ ವಿಚ್ಛೇದನ ಆಯಿತು ಎಂಬ ಕಥೆಯನ್ನು ಪ್ರವಾಸಿ ಪುಟಗಳೆಲ್ಲ ಹೇಳುತ್ತವೆ. ಕೋಣೆ ಇದೆ. ಲೆಕ್ಕಕ್ಕೆ ಮಾತ್ರ "ಎಂಬ ಪ್ರತೀತಿ" ಸೇರಿಸಿ.

ಯುನೆಸ್ಕೊ ಪಟ್ಟಿಗೆ ಬಿಯೆರ್ತಾನ್ ಒಂದೇ ಸೇರಿದ್ದು 1993ರಲ್ಲಿ. 1999ರಲ್ಲಿ ಇನ್ನೂ ಆರು ಹಳ್ಳಿಗಳನ್ನು ಕೂಡಿಸಿದರು. ಏಳೂ 1993ರದ್ದು ಎಂದು ಬರೆಯಬೇಡಿ.

ಹಗೇವಿನ ಬಾಯಿ:
ಚರ್ಚಿನ ಮಾತು ಸಾಕಷ್ಟಾತು. ನಮ್ಮ ಕಡೆ ಮಕ್ಕಳಿಗೆ ಥಟ್ಟನೆ ತಿಳಿಯೋದು ಕಾಳಿನ ಮಾತು. ಧಾರವಾಡ, ಗದಗ ಸೀಮ್ಯಾಗ ಜೋಳ ಹಗೇವಿನಾಗ ಹಾಕಿ ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಮೆತ್ತತಿದ್ರಲ್ಲ, ಸ್ಯಾಕ್ಸನ್ನರು ಅದೇ ಕೆಲಸ ಕೋಟೆ ಗ್ವಾಡಿಯೊಳಗ ಮಾಡಿದ್ರು. ದಾಳಿ ಬಂದಾಗ ಊರ ಮಂದಿ ಒಳಗ ಹೋಗಿ ಕೂತ್ರ ತಿಂಗಳಗಟ್ಟಲೆ ತಿನ್ನಾಕ ಬೇಕು. ಆಮ್ಯಾಲೆ ಕೂಡಿಸಿದ ಆರರಾಗಿನ ಪ್ರೆಜ್ಮೆರ್ ಹಳ್ಳಿ ಕೋಟೆಗೋಡೆಗೆ ಒಳಗಡೆ ಅಂಟಿಕೊಂಡು 270ರ ಆಸುಪಾಸು ಕೋಣೆ ಅದಾವ, ಒಂದೊಂದು ಒಂದೊಂದು ಮನಿತನಕ್ಕ. ಅದೇ ಆರರಾಗಿನ ವಿಸ್ಕ್ರಿಯೊಳಗ ಉಪ್ಪು ಹಚ್ಚಿದ ಹಂದಿ ಮಾಂಸ ತೂಗಹಾಕಾಕ ಒಂದು ಬುರುಜೇ ಐತಿ. ದಪ್ಪ ಕಲ್ಲಿನ ಗ್ವಾಡಿ, ಸಣ್ಣ ಕಿಂಡಿ, ಬ್ಯಾಸಿಗ್ಯಾಗೂ ಒಳಗ ತಂಪು. ನಮ್ಮ ಹಳ್ಳಿ ಹುಡೇವು ಕಾವಲಿಗೆ ಅಷ್ಟ, ಅವರ ಬುರುಜು ಕಾವಲಿಗೂ ಹೌದು, ಉಗ್ರಾಣಕ್ಕೂ ಹೌದು.

ಮನಿ ನಕ್ಷೆನೂ ಬಿಡಿಸಿಸ್ರಿ. ಮನಿ ತ್ರಿಕೋನದ ಮುಖ ಓಣಿಗೆ, ಬಾಜೂಕ ಎತ್ತರದ ಗ್ವಾಡಿ ಮತ್ತ ದೊಡ್ಡ ಬಾಗಿಲು, ಒಳಗ ಉದ್ದನ್ನ ಅಂಗಳ, ಅಂಗಳದ ಕೊನಿಗೆ ಅಡ್ಡಡ್ಡ ಕಣಜದ ಕೊಟ್ಟಿಗಿ, ಅದರ ಹಿಂದ ಹಣ್ಣಿನ ಹಿತ್ತಲ. ಎಲ್ಲಾ ಮನಿದೂ ಇದೇ ಸಾಲು.

ಆ ಮನಿ ಇವತ್ತು ಹಾಳಾಗೋದ್ಯಾಕ ಅಂದ್ರ ಎರಡು ಕಾರಣ. ಜನವರಿ 1945ರಾಗ ಈ ಸ್ಯಾಕ್ಸನ್ನರೂ ಸೇರಿ ದುಡಿಯೋ ವಯಸ್ಸಿನ ಜರ್ಮನ್ ಮಂದೀನ್ನ ಸೋವಿಯತ್ ಒಕ್ಕೂಟಕ್ಕ ಕೂಲಿಗೆ ಒಯ್ದ್ರು, 1989ರ ಕ್ರಾಂತಿ ಆದ ಮ್ಯಾಲೆ ಉಳದವರಾಗ ಬಾಳ ಮಂದಿ ಜರ್ಮನಿಗೆ ಹ್ವಾದ್ರು, ಮನಿ ಖಾಲಿ. ಇನ್ನೊಂದು ಸಿಮೆಂಟ್ ಗಿಲಾವು. ಸುಣ್ಣದ ಗಾರೆ ಗ್ವಾಡಿ ನೆಲದ ಪಸಿ ಎಳಕೊಂಡು ಹೊರಗ ಬಿಡತೈತಿ. ಮ್ಯಾಲೆ ಸಿಮೆಂಟ್ ಮೆತ್ತಿದ್ರ ಪಸಿ ಒಳಗ ಸಿಗತೈತಿ, ಉಪ್ಪು ಏಳತೈತಿ, ಬುಡದಿಂದ ಸೊಂಟದ ಮಟ ಗಿಲಾವು ಉದುರತೈತಿ. ಸಿಮೆಂಟ್ ಕೆತ್ತಿ ತಗದು, ಗ್ವಾಡಿ ಪೂರ್ತಿ ಒಣಗಿದ ಮ್ಯಾಲೆ, ಒಂದು ಪಾಲು ಸುಣ್ಣಕ್ಕ ಮೂರು ಪಾಲು ಉಸುಕು ಕಲಸಿ ತೆಳ್ಳಗ ಎರಡು ಪದರ ಹಚ್ಚಬೇಕು. ನಮ್ಮ ಹಳೇ ವಾಡೆಗೂ ಇದೇ ಔಷಧ.

ಗದಗಿನ ಸಮಾಜ ಪಾಠ:
ಬಾಳ ಉಪಕಾರ ಆತ್ರಿ. ಮಕ್ಕಳು ಕೊಪ್ಶದ್ದು ಅಂತ ಒಂದು ಫೋಟೋ ಹುಡುಕ್ಯಾರ, ಮಸಿ ಹಿಡಿದ ಕಾರ್ಖಾನೆ ಚಿಮಣಿ ಐತಿ. ಹಳ್ಳ್ಯಾಗ ಇದ್ಯಾಕ?

ವರದಾ ದಂಡಿ, ಹಾವೇರಿ:
ಅದು ಕೊಪ್ಶ ಮೀಕ, ಬ್ಯಾರೆ ಊರು, ಅದು ಪಟ್ಟಣ. "ಮಾರೆ" ಅಂದ್ರ ಹಿರಿದು, "ಮೀಕ" ಅಂದ್ರ ಕಿರಿದು. ಹಿರೇಕೆರೂರು, ಚಿಕ್ಕೇರೂರು ಇದ್ದಂಗ. ಕೊಪ್ಶ ಮೀಕ ಮಸಿಪುಡಿ ಕಾರ್ಖಾನೆ ಹೊಗಿಗೆ ಯುರೋಪಿನಾಗೆಲ್ಲಾ ಹೆಸರುವಾಸಿ ಆಗಿತ್ತು, 1993ರಾಗ ಆ ಕಾರ್ಖಾನೆ ಮುಚ್ಚ್ಯಾರ. ಫೋಟೋ ತಗೀರಿ, ಕೊಪ್ಶ ಮಾರೆ ಅಂತ ಪೂರ್ತಿ ಹೆಸರು ಹಾಕಿ ಹೊಸದಾಗಿ ಹುಡುಕಸ್ರಿ.