ಅಗಸ್ತ್ಯನಿಗೆ ಎರಡನೇ ಬಹುಮಾನ

ಫೆಬ್ರವರಿಯ ರಾತ್ರಿ ಒಂಬತ್ತರ ಹೊತ್ತಿಗೆ ಮಲ್ಪೆಯ ಮರಳಿನ ಮೇಲೆ ಕಡಲಿಗೆ ಮುಖ ಮಾಡಿ ಕುಳಿತರೆ ಎಡಗಡೆ, ಅಂದರೆ ದಕ್ಷಿಣಕ್ಕೆ, ಎರಡು ನಕ್ಷತ್ರಗಳು ಕಣ್ಣಿಗೆ ಬಿದ್ದೇ ಬೀಳುತ್ತವೆ. ಮೇಲೆ ಲುಬ್ಧಕ, ಕೆಳಗೆ ಅಗಸ್ತ್ಯ. ಶೆಟ್ಟರು ಚುರುಮುರಿಯ ಪೊಟ್ಟಣದಿಂದ ನೆಲಗಡಲೆಯನ್ನಷ್ಟೇ ಹೆಕ್ಕಿ ತಿನ್ನುತ್ತಾ ತೀರ್ಪು ಕೊಟ್ಟೇಬಿಟ್ಟರು: "ಮೇಲಿನದು ದೊಡ್ಡದು. ಕೆಳಗಿನದು ಅದರ ತಮ್ಮ."

"ತಲೆಕೆಳಗು," ಎಂದರು ಮಾಸ್ತರರು. ಅವರು ನಿವೃತ್ತರಾದರೂ ಅವರ ತೋರುಬೆರಳು ಇನ್ನೂ ಸೇವೆಯಲ್ಲಿದೆ. "ಲುಬ್ಧಕ ನಮ್ಮ ಸೂರ್ಯನ ಸುಮಾರು 25 ಪಟ್ಟು ಬೆಳಕು ಚೆಲ್ಲುತ್ತದೆ. ಅಗಸ್ತ್ಯ ಸುಮಾರು 10,000 ಪಟ್ಟು."

"ಮತ್ತೆ ಯಾಕೆ ಮಾರಾಯರೇ ಅಗಸ್ತ್ಯನಿಗೆ ಈ ಮಂಕು?"

"ಲುಬ್ಧಕ ಇರುವುದು 8.6 ಜ್ಯೋತಿರ್ವರ್ಷ ದೂರದಲ್ಲಿ, ಅಂದರೆ ಬೆಳಕಿಗೇ 8.6 ವರ್ಷದ ದಾರಿ. ಅಗಸ್ತ್ಯ ಸುಮಾರು 310."

ಅಷ್ಟರಲ್ಲಿ ಏಡಿ ಹುಡುಕುತ್ತಿದ್ದ ಹುಡುಗನೊಬ್ಬ ಮೊಬೈಲ್ ಟಾರ್ಚನ್ನು ಶೆಟ್ಟರ ಮುಖಕ್ಕೇ ಹಿಡಿದ. ಶೆಟ್ಟರು ಕಣ್ಣಿಗೆ ಕೈ ಅಡ್ಡ ಹಿಡಿದು ಅವನ ವಂಶವನ್ನೆಲ್ಲ ವಿಚಾರಿಸಿಕೊಂಡರು. ಮಾಸ್ತರರಿಗೆ ಬೇಕಾಗಿದ್ದೂ ಅದೇ.

"ಅಗೋ, ದೂರದಲ್ಲಿ ಬೋಟಿನ ದೀಪ. ಈ ಟಾರ್ಚಿಗಿಂತ ಎಷ್ಟು ದೊಡ್ಡದು! ಅದಕ್ಕೆ ಯಾಕೆ ಕೈ ಅಡ್ಡ ಹಿಡಿಯಲಿಲ್ಲ? ದೂರ ಎರಡು ಪಟ್ಟಾದರೆ ನಮಗೆ ತಲುಪುವ ಬೆಳಕು ಅರ್ಧವಲ್ಲ, ಕಾಲು ಭಾಗ. ಹತ್ತು ಪಟ್ಟಾದರೆ ನೂರರಲ್ಲಿ ಒಂದು."

"ಬ್ಯಾಂಕಿನವರೂ ಇಷ್ಟು ಕತ್ತರಿಸುವುದಿಲ್ಲ," ಎಂದು ಶೆಟ್ಟರು ಮರುಗಿದರು.

ನನಗೂ ಅಗಸ್ತ್ಯನ ಪರವಾಗಿ ವಕಾಲತ್ತು ಹಾಕುವ ಹುಮ್ಮಸ್ಸು ಬಂತು. ಅವನನ್ನು ಲುಬ್ಧಕನಷ್ಟೇ ಹತ್ತಿರಕ್ಕೆ ಎಳೆತಂದರೆ ಈಗಿನದಕ್ಕಿಂತ ಸಾವಿರ ಪಟ್ಟಿಗೂ ಮಿಗಿಲಾಗಿ ಬೆಳಗುತ್ತಾನೆ; ಶುಕ್ರನೂ ಅವನೆದುರು ಸಪ್ಪೆ. ನಮ್ಮ ಸೂರ್ಯನನ್ನು ಅಗಸ್ತ್ಯನ ಜಾಗಕ್ಕೆ ವರ್ಗ ಮಾಡಿದರೋ, ಬರಿಗಣ್ಣಿಗೆ ಕಾಣುವುದೇ ಇಲ್ಲ!

"ಹಾಗಾದರೆ ಹತ್ತಿರವಿದ್ದರೆ ಸಾಕು," ಎಂದರು ಶೆಟ್ಟರು.

"ಸಾಲದು. ಸೂರ್ಯನನ್ನು ಬಿಟ್ಟರೆ ನಮಗೆ ಅತಿ ಹತ್ತಿರದ ನಕ್ಷತ್ರ ಪ್ರಾಕ್ಸಿಮಾ, 4.2 ಜ್ಯೋತಿರ್ವರ್ಷ. ಅದನ್ನು ನೋಡಲು ದೂರದರ್ಶಕವೇ ಬೇಕು. ಹುಟ್ಟಾ ಮಿಣುಕು."

ಅದುವರೆಗೆ ಬಾಯಿ ಬಿಡದಿದ್ದ ಭಟ್ಟರು ಕೆಂಪಗಿನ ಆರ್ದ್ರೆಯತ್ತ ಗಲ್ಲ ಎತ್ತಿದರು. "ಇದು 2019ರ ಕೊನೆಗೆ ಇದ್ದಕ್ಕಿದ್ದಂತೆ ಮಂಕಾಯಿತಲ್ಲ. ಆಗ ಏನು, ದೂರ ಓಡಿಹೋಗಿತ್ತೇ?"

ಒಳ್ಳೆಯ ಏಟು. ಆದರೆ ಮಾಸ್ತರರು ಬಗ್ಗಲಿಲ್ಲ. "ಅದು ಇದ್ದಲ್ಲೇ ಇತ್ತು. ತಾನೇ ಉಗುಳಿದ ಅನಿಲ ತಣ್ಣಗಾಗಿ, ಧೂಳಾಗಿ, ಅದರ ಮುಖಕ್ಕೇ ಅಡ್ಡ ನಿಂತಿತು. 2020ರ ಫೆಬ್ರವರಿಯಲ್ಲಿ ತೀರಾ ಮಂಕು, ಏಪ್ರಿಲ್ ಹೊತ್ತಿಗೆ ಮತ್ತೆ ಮೊದಲಿನಂತೆ."

"ನಮ್ಮಲ್ಲಿಯೂ ಕೆಲವು ಭಾಷಣಕಾರರಿಗೆ ಹೀಗೆಯೇ ಆಗುತ್ತದೆ," ಎಂದು ಭಟ್ಟರು ಮತ್ತೆ ಮೌನಕ್ಕೆ ಜಾರಿದರು.

ಇನ್ನು ಅಂಕಪಟ್ಟಿಯ ವಿಚಾರ. ನಕ್ಷತ್ರಗಳ ಹೊಳಪನ್ನು ಅಳೆಯುವ ಕಾಂತಿಮಾನದಲ್ಲಿ ಅಂಕ ಕಡಿಮೆಯಾದಷ್ಟೂ ಹೊಳಪು ಹೆಚ್ಚು. ಐದು ಅಂಕದ ವ್ಯತ್ಯಾಸಕ್ಕೆ ನೂರು ಪಟ್ಟು ಎಂದು 1856ರಲ್ಲಿ ಖಗೋಳಜ್ಞ ಪಾಗ್‌ಸನ್ ನಿಗದಿ ಮಾಡಿದ. ಲುಬ್ಧಕನಿಗೆ ಮೈನಸ್ 1.46, ಅಗಸ್ತ್ಯನಿಗೆ ಮೈನಸ್ 0.74. ಸೊನ್ನೆಗಿಂತ ಕೆಳಗಿನವನಿಗೆ ಪ್ರಥಮ ಸ್ಥಾನವೆಂದರೆ ಯಾವ ಶಾಲೆ ಇದು ಎಂದು ಶೆಟ್ಟರು ಕೇಳಿದರು. ನನ್ನದೂ ಅದೇ ತಕರಾರು.

ಕೊನೆಗೆ ಅವರಿಗೂ ಅಗಸ್ತ್ಯನ ಮೇಲೆ ಅಭಿಮಾನ ಉಕ್ಕಿ, ಲಂಡನ್ನಿನಲ್ಲಿರುವ ಮಗಳಿಗೆ ತೋರಿಸಲೆಂದು ಮೊಬೈಲ್ ಹೊರತೆಗೆದರು.

"ಅಲ್ಲಿ ಈಗ ಮಧ್ಯಾಹ್ನ ಮೂರೂವರೆ," ಎಂದರು ಭಟ್ಟರು.

"ರಾತ್ರಿಯಾದರೂ ಪ್ರಯೋಜನವಿಲ್ಲ," ಎಂದರು ಮಾಸ್ತರರು. "ಅಷ್ಟು ಉತ್ತರದ ಊರಿನಲ್ಲಿ ಅಗಸ್ತ್ಯ ಹುಟ್ಟುವುದೇ ಇಲ್ಲ."

ಶೆಟ್ಟರು ಮೊಬೈಲನ್ನು ಮತ್ತೆ ಕಿಸೆಗೆ ಇಳಿಸಿದರು. "ಅಷ್ಟೊಂದು ಬಾಡಿಗೆ ಕೊಟ್ಟೂ?"