ಸರ್ವಿಸ್‌ಗೆ ಬಿಟ್ಟ ಬೈಕ್ ಬೀಳಿಸಿದ್ದಾರೆ, ಡೆಲಿವರಿ ತಗೊಳ್ಳಲಾ ಬೇಡವಾ?

ಕೇಳಿದವರು, ದಾವಣಗೆರೆ

ನನ್ನದು ಕಳೆದ ವರ್ಷ ತಗೊಂಡ 350 ಸಿಸಿ ಬೈಕ್. ಮೊನ್ನೆ ಬೆಳಿಗ್ಗೆ ಕಂಪನಿಯವರದೇ ಸರ್ವಿಸ್ ಸೆಂಟರ್‌ಗೆ ಬಿಟ್ಟಿದ್ದೆ. ಸಂಜೆ ಹೋಗಿ ನೋಡಿದರೆ ಟ್ಯಾಂಕ್‌ನ ಬಲಗಡೆ ಹೆಬ್ಬೆರಳು ಕೂರುವಷ್ಟು ನೆಗ್ಗು, ಸೈಲೆನ್ಸರ್ ಮೇಲೆ ಉದ್ದಕ್ಕೆ ಗೀರು, ಬ್ರೇಕ್ ಲಿವರ್ ತುದಿ ಮುರಿದಿದೆ. ಹ್ಯಾಂಡಲ್ ಕೂಡ ಸ್ವಲ್ಪ ಓರೆಯಾದ ಹಾಗಿದೆ. ಅಡ್ವೈಸರ್ ಮೊದಲು "ಬರುವಾಗಲೇ ಹೀಗಿತ್ತು ಸರ್" ಅಂದ. ಗೀರು, ನೆಗ್ಗು ಏನೂ ಇಲ್ಲ ಅಂತ ಬೆಳಿಗ್ಗೆ ಅವನೇ ಜಾಬ್ ಕಾರ್ಡ್‌ನಲ್ಲಿ ಟಿಕ್ ಹಾಕಿದ್ದನ್ನು ತೋರಿಸಿದ ಮೇಲೆ ರಾಗ ಬದಲಾಯಿತು. ಈಗ ಹೇಳ್ತಿರೋದು ಏನಂದರೆ, ಲಿವರ್ ಫ್ರೀಯಾಗಿ ಹಾಕ್ತೀವಿ, ಸೈಲೆನ್ಸರ್ ಪಾಲಿಶ್ ಮಾಡ್ತೀವಿ, ಟ್ಯಾಂಕ್‌ಗೆ ನಿಮ್ಮ ಇನ್ಶೂರೆನ್ಸ್‌ನಲ್ಲಿ ಕ್ಲೇಮ್ ಹಾಕೋಣ, ನಿಮ್ಮ ಕೈಯಿಂದ ಬೀಳೋ ದುಡ್ಡು ನಾವು ಕೊಡ್ತೀವಿ. ಸರ್ವಿಸ್ ಬಿಲ್ ಕಟ್ಟಿ ಗಾಡಿ ತಗೊಂಡು ಹೋಗಿ ಅಂತ ಒತ್ತಾಯ. ಗಾಡಿ ಇನ್ನೂ ಅಲ್ಲೇ ನಿಂತಿದೆ. ಯಾರಿಗಾದರೂ ಹೀಗೆ ಆಗಿದ್ದರೆ ಏನು ಮಾಡಿದ್ರಿ ಹೇಳಿ.

ಮೈಸೂರಿನಿಂದ ಒಬ್ಬರು

ಲಿಖಿತವಾಗಿ ಏನೂ ಇಲ್ಲದೆ ಗಾಡಿ ಗೇಟ್ ದಾಟಿಸಬೇಡಿ. ದಾಟಿದ ಮೇಲೆ "ಮನೆಗೆ ಹೋಗೋ ದಾರಿಯಲ್ಲಿ ಬಿದ್ದಿರಬೇಕು" ಅನ್ನೋದು ಅವರಿಗೆ ಬಹಳ ಸುಲಭ.

ನನ್ನ ಬೈಕ್‌ಗೂ ಹೀಗೇ ಆಗಿತ್ತು, ಎಡಗಡೆ. ಅಡ್ವೈಸರ್ ಮೇಲೆ ಕೂಗಾಡಿ ಪ್ರಯೋಜನ ಇಲ್ಲ, ಟ್ಯಾಂಕ್ ಬದಲಿಸಿಕೊಡೋ ಅಧಿಕಾರ ಅವನಿಗೆ ಇರೋದಿಲ್ಲ. ವರ್ಕ್ಸ್ ಮ್ಯಾನೇಜರ್ ಹತ್ತಿರ ಕೂತು, ಜಾಬ್ ಕಾರ್ಡ್‌ನ ಎರಡೂ ಪ್ರತಿಗಳ ಮೇಲೆ ಏನೇನು ಹಾಳಾಗಿದೆ ಅಂತ ಒಂದೊಂದಾಗಿ ಬರೆಸಿ ಸಹಿ ಹಾಕಿಸಿಕೊಂಡೆ. ಅವರು ಬರೆಯಲ್ಲ ಅಂದರೆ ಅಲ್ಲೇ ನಿಂತು ಡೀಲರ್‌ಗೂ ಕಂಪನಿಯ ಕಸ್ಟಮರ್ ಕೇರ್‌ಗೂ ಒಂದೇ ಇಮೇಲ್ ಹಾಕಿ. ಫೋಟೋದಲ್ಲಿ ನಂಬರ್ ಪ್ಲೇಟ್ ಕಾಣಲಿ, ಹಿಂದೆ ಅವರ ಶೆಡ್ ಕಾಣಲಿ, ಓಡೋಮೀಟರ್‌ದು ಬೇರೆ ಒಂದು ಫೋಟೋ ಇರಲಿ. ನನಗೆ ಕಂಪನಿಯ ಏರಿಯಾ ಮ್ಯಾನೇಜರ್ ಫೋನ್ ಬಂದ ಮೇಲೆಯೇ ಡೀಲರ್ ಸರಿಯಾಗಿ ಮಾತಾಡಿದ್ದು.

ಸಿಸಿಟಿವಿ ಬಗ್ಗೆ ಇವತ್ತೇ ಕೇಳಿ. ಹಳೇ ದೃಶ್ಯದ ಮೇಲೆ ಹೊಸದು ರೆಕಾರ್ಡ್ ಆಗ್ತಾ ಹೋಗುತ್ತೆ, ಕೆಲವು ವಾರ ಬಿಟ್ಟು ಕೇಳಿದರೆ ಇರೋದೇ ಇಲ್ಲ. ತೋರಿಸಲ್ಲ ಅನ್ನಬಹುದು, ಪರವಾಗಿಲ್ಲ. "ಆ ದಿನದ್ದನ್ನು ಅಳಿಸದೆ ಇಡಿ" ಅಂತ ನೀವು ಕೇಳಿದ್ದು ಇಮೇಲ್‌ನಲ್ಲಿ ಇದ್ದರೆ ಸಾಕು.

ಇನ್ನೊಂದು ವಿಷಯ. ಡೆಲಿವರಿ ಕೊಡುವಾಗ ಒಟಿಪಿ ಕೇಳ್ತಾರೆ, ಇಲ್ಲಾ "ಕೆಲಸ ತೃಪ್ತಿಕರ" ಅಂತ ಅಚ್ಚಾದ ಜಾಗದಲ್ಲಿ ಸಹಿ ಕೇಳ್ತಾರೆ. ಅದರ ಪಕ್ಕದಲ್ಲೇ ನಿಮ್ಮ ಕೈಬರಹದಲ್ಲಿ ತಕರಾರು ಬರೆದು ಆಮೇಲೆ ಸಹಿ ಮಾಡಿ. ಆಮೇಲೆ ಫೀಡ್‌ಬ್ಯಾಕ್ ಕಾಲ್ ಬರುತ್ತೆ, ಹತ್ತಕ್ಕೆ ಹತ್ತು ಕೊಡಿ ಸರ್ ಅಂತ ಗೋಗರೀತಾರೆ. ಇಡೀ ಶೋರೂಮ್ ನಿಜವಾಗಿ ಹೆದರೋದು ಆ ಒಂದು ಕಾಲ್‌ಗೆ!

ಹುಬ್ಬಳ್ಳಿಯ ಗ್ಯಾರೇಜಿನವರು

ನಂದೂ ಗ್ಯಾರೇಜ್ ಐತ್ರಿ, ಹಂಗಾಗಿ ಆ ಕಡಿಂದ ಹೇಳ್ತೀನಿ. ವರ್ಕ್‌ಶಾಪಿನಾಗ ಗಾಡಿ ಬೀಳೂದು ಹೊಸಾದೇನಲ್ಲ. ವಾಟರ್ ವಾಶ್ ಮಾಡೂ ಕಡೆ ನೆಲ ಶಾಂಪೂ ನೀರಿಗೆ ಜಾರ್ತೈತಿ, ಸೈಡ್ ಸ್ಟ್ಯಾಂಡ್ ಸರೀತೈತಿ. ಸಂಜಿ ಮುಂದ ಗಾಡಿ ಒತ್ತಿ ಒತ್ತಿ ಸಾಲಾಗಿ ನಿಲ್ಲಸ್ತಾರ, ಒಂದನ್ನ ಜರಗಸಾಕ ಹೋದ್ರ ಬಾಜೂಕಿಂದು ಉರುಳ್ತೈತಿ. ಹೊಸಾ ಹುಡುಗ ಎಡಕ್ಕ ನಿಂತು ಅಷ್ಟ ಭಾರದ ಗಾಡಿ ತಳ್ಳೂಮುಂದ ಅದು ಬಲಕ್ಕ ವಾಲಿದ್ರ ಮುಗೀತು, ಹಿಡಿಯಾಕ ಆಗೂದಿಲ್ಲ.

ಆದ್ರ ನೀವು ಬರದದ್ರಾಗ ಒಂದು ಮಾತು ನನಗ ಬ್ಯಾರೇನ ಹೇಳ್ತೈತಿ. ನಿಂತಲ್ಲೇ ಬಿದ್ದ ಗಾಡಿಗೆ ಸೈಲೆನ್ಸರ್ ಮ್ಯಾಲೆ ಒಂದು ಕಡೆ ಸಣ್ಣ ಗುರುತು ಆಗ್ತೈತಿ. ಉದ್ದಕ್ಕ ಗೀರು ಅಂದ್ರ ಗಾಡಿ ಓಡೂಮುಂದ ಬಿದ್ದು ನೆಲದ ಮ್ಯಾಲೆ ಜಾರೈತಿ. ಶೆಡ್ಡಿನಾಗ ಅಲ್ರಿ, ಹೊರಗ, ಟ್ರಯಲ್ ಹೋದಾಗ. ಬಲಗಡೆ ಫುಟ್‌ರೆಸ್ಟಿನ ತುದಿ, ಹ್ಯಾಂಡಲ್ ತುದಿ, ಕ್ರ್ಯಾಶ್ ಗಾರ್ಡಿನ ಕೆಳಗ ಕೈ ಆಡಸಿ ನೋಡ್ರಿ, ಉಜ್ಜಿದ ಗುರುತು ಸಿಕ್ಕs ಸಿಗ್ತಾವ. ಜಾಬ್ ಕಾರ್ಡಿನಾಗ ಕಿಲೋಮೀಟರ್ ಬರದಿರ್ತಾರ, ಈಗಿನ ರೀಡಿಂಗ್ ಜೋಡಿ ಹೊಂದಿಸಿ ನೋಡ್ರಿ.

ಮತ್ತ ಎಲ್ಲಾರೂ ಟ್ಯಾಂಕ್ ನೋಡ್ತಾರ, ಮುಂದಿನ ಗಾಲಿ ಹಿಡದಿರೂ ಫೋರ್ಕ್ ಯಾರೂ ನೋಡೂದಿಲ್ಲ. ಓಡೂ ಗಾಡಿ ಬಿದ್ದೈತಿ ಅಂದ್ರ ಮುಂದಿನ ಗಾಲಿ ಎರಡೂ ಮೊಣಕಾಲಿನ ನಡುವ ಹಿಡಕೊಂಡು ಹ್ಯಾಂಡಲ್ ಅದಕ್ಕ ಅಡ್ಡ ನೆಟ್ಟಗ ಐತೇನು ಅಂತ ನೋಡ್ರಿ. ಹ್ಯಾಂಡಲ್ ಪೂರ್ತಿ ತಿರಗಿಸಿದಾಗ ತಡಿಯೂ ಒಂದು ಸ್ಟಾಪರ್ ಚಾಸಿ ಮ್ಯಾಲೆ ಇರ್ತೈತಿ, ಅದು ಮಡಚೈತೇನು ನೋಡ್ರಿ. ಹಿಂದಿನ ಬ್ರೇಕಿನ ಪೆಡಲ್ ಬಲಕ್ಕs ಇರೂದು, ಅದೂ ಬಗ್ಗಿರಬಹುದು. ಹ್ಯಾಂಡಲ್ ಓರೆ ಐತಿ ಅಂತ ನೀವs ಅಂದೀರಿ. ಬರೇ ಬೋಲ್ಟ್ ಸಡ್ಲ ಮಾಡಿ ನೆಟ್ಟಗ ಮಾಡಿ ಕೊಟ್ರ ಒಪ್ಪಬ್ಯಾಡ್ರಿ, ಫೋರ್ಕ್ ಪೈಪ್ ಬಿಚ್ಚಿ ಬೆಂಡ್ ಐತೇನು ಚೆಕ್ ಮಾಡಸ್ರಿ. ಮೂವತ್ತರ ಸ್ಪೀಡಿನಾಗ ಏನೂ ಗೊತ್ತಾಗೂದಿಲ್ಲ, ಹೈವೇದಾಗ ಗಾಡಿ ಒಂದು ಕಡೆ ಎಳೀತೈತಿ.

ಬೆಂಗಳೂರಿನಿಂದ, ಇನ್ಶೂರೆನ್ಸ್ ಕ್ಲೇಮ್ ವಿಭಾಗದಲ್ಲಿ ಇರುವವರು

ನಿಮ್ಮ ಪಾಲಿಸಿಯಲ್ಲಿ ಕ್ಲೇಮ್ ಹಾಕೋಣ ಅನ್ನೋದು ಅವರಿಗೆ ಲಾಭ. ಕ್ಲೇಮ್ ಕೆಲಸವೂ ಅವರ ವರ್ಕ್‌ಶಾಪಿಗೇ ಬರುತ್ತೆ, ಅಂದರೆ ಅವರೇ ಬೀಳಿಸಿದ ಗಾಡಿ ರಿಪೇರಿ ಮಾಡಿ ಅವರೇ ಬಿಲ್ ಮಾಡ್ತಾರೆ.

ಮೊದಲು ಪಾಲಿಸಿ ತೆಗೆದು ನೋಡಿ. 2018ರ ಸೆಪ್ಟೆಂಬರ್‌ನಿಂದ ಹೊಸ ಬೈಕ್‌ಗೆ ಐದು ವರ್ಷದ ಥರ್ಡ್ ಪಾರ್ಟಿ ವಿಮೆ ಕಡ್ಡಾಯ. ಸ್ವಂತ ಗಾಡಿಗೆ ಆಗುವ ಹಾನಿಯ ಭಾಗ ಮಾತ್ರ ಸಾಮಾನ್ಯವಾಗಿ ಒಂದೇ ವರ್ಷದ್ದಾಗಿರುತ್ತೆ. ಐದು ವರ್ಷ ಅಂತ ಮೇಲೆ ಬರೆದಿರೋದನ್ನು ನೋಡಿ ಎಲ್ಲವೂ ಐದು ವರ್ಷ ಅಂದುಕೊಂಡವರನ್ನು ದಿನಾ ನೋಡ್ತೀನಿ. ನಿಮ್ಮದು ನವೀಕರಣ ಆಗದಿದ್ದರೆ ಕ್ಲೇಮ್ ಮಾತೇ ಬರೋಲ್ಲ.

ಇದೆ ಅಂತಲೇ ಇಟ್ಟುಕೊಳ್ಳಿ. ಕ್ಲೇಮ್ ಇಲ್ಲದ ಮೊದಲ ವರ್ಷಕ್ಕೆ ನೋ ಕ್ಲೇಮ್ ಬೋನಸ್, ಅಂದರೆ ಸ್ವಂತ ಹಾನಿ ಭಾಗದ ಪ್ರೀಮಿಯಂನಲ್ಲಿ ಸಿಗೋ ರಿಯಾಯಿತಿ, 20%, ಆಮೇಲೆ 25, 35, 45, ಐದನೇ ವರ್ಷಕ್ಕೆ 50. ಒಂದು ಕ್ಲೇಮ್ ಹಾಕಿದರೆ ಮತ್ತೆ ಸೊನ್ನೆಯಿಂದ ಶುರು. ಬೈಕ್ ಪ್ರೀಮಿಯಂ ಸಣ್ಣದು, ಹಾಗಾಗಿ ರೂಪಾಯಿ ಲೆಕ್ಕದಲ್ಲಿ ಇದು ದೊಡ್ಡ ನಷ್ಟ ಅಲ್ಲ ಅನ್ನೋದನ್ನೂ ಹೇಳಿಬಿಡ್ತೀನಿ. ನನ್ನ ಆತಂಕ ಬೇರೆ. ಕ್ಲೇಮ್ ಫಾರ್ಮ್‌ನಲ್ಲಿ ಅಪಘಾತ ಯಾವಾಗ ಆಯ್ತು, ಎಲ್ಲಿ, ಓಡಿಸ್ತಿದ್ದವರು ಯಾರು, ಅವರ ಲೈಸೆನ್ಸ್ ನಂಬರ್ ಏನು ಅಂತ ಕೇಳಿರುತ್ತೆ. ವರ್ಕ್‌ಶಾಪ್‌ನವರು ತುಂಬಿಕೊಡೋ ಫಾರ್ಮ್‌ನಲ್ಲಿ ಯಾವಾಗಲೂ ಒಂದು ನಾಯಿ ಅಡ್ಡ ಬಂದಿರುತ್ತೆ, ಓಡಿಸ್ತಿದ್ದವರು ನೀವೇ ಆಗಿರ್ತೀರಿ. ಕೆಳಗಿನ ಸಹಿ ನಿಮ್ಮದು. ಸುಳ್ಳು ಅಂತ ಗೊತ್ತಾದರೆ ಕ್ಲೇಮ್ ತಿರಸ್ಕಾರ ಆಗೋದು ನಿಮಗೆ, ಅವರಿಗಲ್ಲ.

ಬೇರೆ ದಾರಿ ಇಲ್ಲದೆ ಕ್ಲೇಮ್ ಹಾಕಲೇಬೇಕಾದರೆ "ಸರ್ವಿಸ್‌ಗೆ ಬಿಟ್ಟಾಗ ಅವರ ಸಿಬ್ಬಂದಿ ಬೀಳಿಸಿದ್ದು" ಅಂತ ಇದ್ದದ್ದನ್ನೇ ಬರೆಯಿರಿ. ಆಗ ನಿಮಗೆ ಕೊಟ್ಟ ಹಣವನ್ನು ವರ್ಕ್‌ಶಾಪ್‌ನಿಂದ ವಸೂಲು ಮಾಡೋ ದಾರಿ ವಿಮಾ ಕಂಪನಿಗೂ ಇರುತ್ತೆ. ಇನ್ನು, ಗಿರಾಕಿಗಳ ಗಾಡಿಗಾಗಿ ವರ್ಕ್‌ಶಾಪ್‌ಗಳು ತಾವೇ ತಗೊಳ್ಳೋ ಮೋಟಾರ್ ಟ್ರೇಡ್ ಪಾಲಿಸಿ ಅಂತ ಒಂದಿದೆ. ಅದು ಇದೆಯಾ ಅಂತ ಮ್ಯಾನೇಜರ್‌ನ ನೇರವಾಗಿ ಕೇಳಿ.

ಕೇಳಿದವರು, ದಾವಣಗೆರೆ

ಹುಬ್ಬಳ್ಳಿ ಅಣ್ಣ ಹೇಳಿದ ಹಾಗೆ ನೋಡಿ ಬಂದೆ. ಜಾಬ್ ಕಾರ್ಡ್‌ನಲ್ಲಿ 6,412, ಮೀಟರ್‌ನಲ್ಲಿ ಈಗ 6,431. ಟ್ರಯಲ್ ಎಷ್ಟು ದೂರ ಹೋಗ್ತೀರಿ ಅಂತ ಸುಮ್ಮನೆ ಕೇಳಿದೆ, ಎರಡು ಮೂರು ಕಿಲೋಮೀಟರ್ ಅಂದರು. ಫುಟ್‌ರೆಸ್ಟ್ ತುದಿಯೂ ಸವೆದಿದೆ. ಜಾಬ್ ಕಾರ್ಡ್ ಹಿಂಭಾಗದಲ್ಲಿ "ವಾಹನ ಮಾಲೀಕರ ಸ್ವಂತ ಜವಾಬ್ದಾರಿ" ಅಂತ ಅಚ್ಚಾಗಿದೆ, ಮ್ಯಾನೇಜರ್ ಅದನ್ನೇ ತೋರಿಸ್ತಿದ್ದಾರೆ. ಇದಕ್ಕೆ ಏನು ಹೇಳೋದು?

ಶಿವಮೊಗ್ಗದಿಂದ, ವಕೀಲರು

ಆ ಸಾಲು ನೋಡಿ ಹೆದರಬೇಡಿ. ಸರ್ವಿಸ್‌ಗೆ ಅಂತ ಗಾಡಿ ಒಪ್ಪಿಸಿ ಕೀ ಕೊಟ್ಟರೆ ಅದನ್ನು ತನ್ನದೇ ವಸ್ತುವಿನಷ್ಟು ಜೋಪಾನ ಮಾಡೋ ಹೊಣೆ ಪಡೆದವನದ್ದು. 1872ರ ಕರಾರು ಕಾಯ್ದೆಯ 151ನೇ ಕಲಂ ಹೇಳೋದು ಅದನ್ನೇ. 154ನೇ ಕಲಂ ಇನ್ನೂ ಬಿಗಿ. ಯಾವ ಉದ್ದೇಶಕ್ಕೆ ಕೊಟ್ಟಿದ್ದೀರೋ ಅದನ್ನು ಬಿಟ್ಟು ಬೇರೆಯದಕ್ಕೆ ಬಳಸಿದರೆ, ಆ ಬಳಕೆಯಲ್ಲಿ ಆದ ಹಾನಿ ಪೂರ್ತಿ ಅವರ ತಲೆಗೆ. ಎರಡು ಮೂರು ಕಿಲೋಮೀಟರ್ ಟ್ರಯಲ್ ಅಂತ ಅವರೇ ಹೇಳಿದ ಮೇಲೆ ಹತ್ತೊಂಬತ್ತು ಕಿಲೋಮೀಟರ್ ಹೇಗಾಯ್ತು? ಈ ಪ್ರಶ್ನೆಯನ್ನು ಇಮೇಲ್‌ನಲ್ಲಿ ಕೇಳಿ, ಬಾಯಲ್ಲಿ ಬೇಡ.

ಮಾಲೀಕರ ಜವಾಬ್ದಾರಿ ಅಂತ ಅಚ್ಚು ಹಾಕಿ ಕೈತೊಳೆದುಕೊಳ್ಳೋ ವಿಚಾರ ಸುಪ್ರೀಂ ಕೋರ್ಟ್‌ವರೆಗೂ ಹೋಗಿತ್ತು. 1998ರಲ್ಲಿ ದೆಹಲಿಯ ತಾಜ್ ಮಹಲ್ ಹೋಟೆಲ್‌ನಲ್ಲಿ ಪಾರ್ಕಿಂಗ್ ಸಿಬ್ಬಂದಿ ಕೈಗೆ ಕೀ ಕೊಟ್ಟ ಒಬ್ಬರ ಮಾರುತಿ ಝೆನ್ ಕಳುವಾಯಿತು. ಮೇಲೆ ಒಬ್ಬರು ವಸೂಲಿ ಬಗ್ಗೆ ಬರೆದಿದ್ದಾರಲ್ಲ, ಅಲ್ಲೂ ಹಾಗೇ ಆಗಿದ್ದು. ವಿಮಾ ಕಂಪನಿ ಮಾಲೀಕರಿಗೆ ಹಣ ಕೊಟ್ಟು ಹೋಟೆಲ್ ಮೇಲೆ ಹೋಯಿತು. ಚೀಟಿಯಲ್ಲಿ ಮಾಲೀಕರ ಹೊಣೆ ಅಂತ ಇದ್ದರೂ ಸ್ವಂತ ನಿರ್ಲಕ್ಷ್ಯದ ಹೊಣೆಯಿಂದ ಹೋಟೆಲ್ ನುಣುಚಿಕೊಳ್ಳೋಕೆ ಬರಲ್ಲ, ಎಚ್ಚರ ವಹಿಸಿದ್ದೆವು ಅಂತ ಮೊದಲು ತೋರಿಸಬೇಕಾದವರು ಅವರೇ ಅಂತ 2019ರ ನವೆಂಬರ್‌ನಲ್ಲಿ ತೀರ್ಪಾಯಿತು. ಬರೆದವರು ನಮ್ಮ ಹಾವೇರಿ ಜಿಲ್ಲೆಯವರೇ ಆದ ನ್ಯಾಯಮೂರ್ತಿ ಮೋಹನ ಶಾಂತನಗೌಡರ್. ಅದು ಹೋಟೆಲ್ ಪಾರ್ಕಿಂಗ್ ಪ್ರಕರಣ, ನಿಮ್ಮದು ವರ್ಕ್‌ಶಾಪ್. ಆದರೆ ವಾದದ ತಿರುಳು ಒಂದೇ.

ಮೈಸೂರಿನವರ ಮಾತಿಗೆ ಒಂದು ತಿದ್ದುಪಡಿ. ಗಾಡಿ ಅಲ್ಲೇ ಬಿಟ್ಟರೂ ಸರಿ, ತಂದರೂ ಸರಿ, ಸರ್ವಿಸ್ ಬಿಲ್ ಮಾತ್ರ ಬಾಕಿ ಇಡಬೇಡಿ. ಮಾಡಿದ ಕೆಲಸದ ಕೂಲಿಗಾಗಿ ಗಾಡಿ ಹಿಡಿದಿಟ್ಟುಕೊಳ್ಳೋ ಹಕ್ಕನ್ನು ಅದೇ ಕಾಯ್ದೆಯ 170ನೇ ಕಲಂ ಅವರಿಗೆ ಕೊಟ್ಟಿದೆ. "ತಕರಾರಿಗೆ ಒಳಪಟ್ಟು ಪಾವತಿಸಿದ್ದೇನೆ" ಅಂತ ಬಿಲ್ ಮೇಲೆ ಬರೆದು ಕಟ್ಟಿಬಿಡಿ.

ಅದಕ್ಕೂ ಬಗ್ಗದಿದ್ದರೆ 1915ಕ್ಕೆ ಕರೆ ಮಾಡಿ, ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಎಷ್ಟೋ ಸಲ ಅಲ್ಲಿಂದ ಕಂಪನಿಗೆ ದೂರು ಹೋದ ಕೂಡಲೇ ಕೆಲಸ ಆಗುತ್ತೆ. ಕೊನೆಗೆ ಜಿಲ್ಲಾ ಗ್ರಾಹಕರ ಆಯೋಗ. 2019ರ ಕಾಯ್ದೆ ಬಂದ ಮೇಲೆ ನೀವಿರೋ ಊರಲ್ಲೇ ದೂರು ಕೊಡಬಹುದು, ಎರಡು ವರ್ಷದ ಒಳಗೆ ಕೊಡಬೇಕು. ಸರ್ವಿಸ್‌ಗೆ ನೀವು ಕೊಟ್ಟ ಹಣ ಐದು ಲಕ್ಷದೊಳಗಿದ್ದರೆ ಶುಲ್ಕ ಇಲ್ಲ. ಇ-ಜಾಗೃತಿ ಪೋರ್ಟಲ್‌ನಲ್ಲಿ ಮನೆಯಿಂದಲೇ ಹಾಕಬಹುದು, ನೀವೇ ವಾದ ಮಾಡಬಹುದು. ವಕೀಲನಾಗಿ ಇದನ್ನು ಹೇಳೋದು ನನ್ನ ಹೊಟ್ಟೆ ಮೇಲೆ ನಾನೇ ಹೊಡೆದುಕೊಂಡ ಹಾಗೆ, ಇರಲಿ.

ಮಂಗಳೂರಿನಿಂದ ಒಬ್ಬರು

ವಕೀಲರು ಹೇಳಿದ್ದೆಲ್ಲ ಸರಿ ಉಂಟು ಮಾರಾಯ್ರೆ, ಆದರೆ ಎಲ್ಲಾ ಕಡೆ ಕಲಂ ತೋರಿಸಿದರೆ ನಡೆಯುವುದಿಲ್ಲ. ನನ್ನ ಸ್ಕೂಟರ್ ಬೀಳಿಸಿದ್ದು ಮನೆ ಹತ್ತಿರದ ಸಣ್ಣ ಗ್ಯಾರೇಜಿನ ಹುಡುಗ. ನಾಳೆ ಪಂಕ್ಚರ್ ಆದರೂ ನಾನು ಅಲ್ಲಿಗೇ ಹೋಗಬೇಕು. ಮಾಲೀಕರು ಬೀಳಿಸಿದ್ದು ಹೌದು ಅಂತ ಒಪ್ಪಿಕೊಂಡರು. ನಾನು ಕೇಳಿದ್ದು ಎರಡೇ: ಯಾವ ತಾರೀಕಿಗೆ ಏನು ಹಾಕಿಕೊಡ್ತೀರಿ ಅಂತ ವಾಟ್ಸಾಪ್‌ನಲ್ಲಿ ಬರೆಯಿರಿ, ಮತ್ತೆ ಹುಡುಗನ ಸಂಬಳದಿಂದ ಹಿಡಿಯಬೇಡಿ.

ನೋಡಬೇಕಾದ್ದು ಬಣ್ಣ. ನನಗೆ ಮೊದಲು ಹಳೇ ಪ್ಯಾನಲ್‌ಗೇ ಪೇಂಟ್ ಹೊಡೆದು ಕೊಟ್ಟರು, ಬಿಸಿಲಿಗೆ ನಿಲ್ಲಿಸಿದರೆ ಎರಡು ಸ್ಕೂಟರ್ ಸೇರಿಸಿ ಹೊಲಿದ ಹಾಗೆ ಕಾಣ್ತಿತ್ತು. ಆಮೇಲೆ ಹೊಸ ಪ್ಯಾನಲ್ಲೇ ಹಾಕಿಸಿಕೊಂಡೆ. ನಿಮ್ಮ ಟ್ಯಾಂಕಿಗೂ ನೆಗ್ಗು ಎಳೆದು ಪುಟ್ಟಿ ತುಂಬಿ ಪೇಂಟ್ ಮಾಡ್ತೇವೆ ಅಂತ ಬರಬಹುದು. ಒಪ್ಪಬೇಡಿ ಆಯ್ತಾ. ಶೇಡ್ ಹೊಂದುವುದು ಕಷ್ಟ, ಮಾರುವಾಗ ಪುಟ್ಟಿ ಕಂಡರೆ ಆಕ್ಸಿಡೆಂಟ್ ಗಾಡಿ ಅಂತ ಬೆಲೆ ಇಳಿಸ್ತಾರೆ. ಶೋರೂಮ್‌ನವರಿಗೆ ಪೇಂಟ್ ಆಗಿಯೇ ಬರುವ ಹೊಸ ಟ್ಯಾಂಕ್ ತರಿಸುವುದು ದೊಡ್ಡ ವಿಷಯ ಅಲ್ಲ.

ಕೇಳಿದವರು, ದಾವಣಗೆರೆ

ಎಲ್ಲರಿಗೂ ಥ್ಯಾಂಕ್ಸ್. ಹತ್ತೊಂಬತ್ತು ಕಿಲೋಮೀಟರ್ ಪ್ರಶ್ನೆಯನ್ನು ಕಂಪನಿಗೂ ಸೇರಿಸಿ ಇಮೇಲ್ ಮಾಡಿದೆ. ಮಧ್ಯಾಹ್ನಕ್ಕೇ ಮ್ಯಾನೇಜರ್ ಫೋನ್ ಮಾಡಿ ಬನ್ನಿ ಸರ್ ಮಾತಾಡೋಣ ಅಂದರು. ಹುಡುಗ ಊಟಕ್ಕೆ ಅಂತ ತಗೊಂಡು ಹೋಗಿದ್ದನಂತೆ, ಹಳೇ ಪಿ.ಬಿ. ರಸ್ತೆಯಲ್ಲಿ ಮರಳಿನ ಮೇಲೆ ಜಾರಿದ್ದು. ಅವನ ಕೈಗೂ ಪೆಟ್ಟಾಗಿದೆ, ಪಾಪ. ಹೊಸ ಟ್ಯಾಂಕ್, ಲಿವರ್, ಫುಟ್‌ರೆಸ್ಟ್ ಅವರ ಖರ್ಚಲ್ಲಿ ಅಂತ ಜಾಬ್ ಕಾರ್ಡ್ ಮೇಲೆ ಬರೆದು ಸೀಲ್ ಹಾಕಿದ್ದಾರೆ, ಫೋರ್ಕ್ ಬಿಚ್ಚಿ ನನ್ನ ಎದುರೇ ಚೆಕ್ ಮಾಡ್ತಾರಂತೆ. ಇನ್ಶೂರೆನ್ಸ್ ಮಾತು ಮತ್ತೆ ಎತ್ತಲಿಲ್ಲ. ಸೈಲೆನ್ಸರ್ ಮಾತ್ರ ಇನ್ನೂ ಪಾಲಿಶ್ ಅಂತಲೇ ಎಳೀತಿದ್ದಾರೆ. ಟ್ಯಾಂಕ್ ಬರೋಕೆ ಎರಡು ವಾರ ಆಗುತ್ತಂತೆ. ಅಲ್ಲಿವರೆಗೆ ಗಾಡಿ ಅವರ ಹತ್ತಿರವೇ ಬಿಟ್ಟು ಬಂದಿದ್ದೀನಿ, ಪೆಟ್ರೋಲ್ ಎಷ್ಟಿದೆ, ಮೀಟರ್ ಎಷ್ಟಿದೆ ಅಂತಲೂ ಬರೆಸಿ.

ಹುಬ್ಬಳ್ಳಿಯ ಗ್ಯಾರೇಜಿನವರು

ಚಲೋ ಆತು ಬಿಡ್ರಿ. ಸೈಲೆನ್ಸರಿಗೆ ಪಾಲಿಶ್ ಹೊಡದ್ರ ಕ್ರೋಮ್ ತೆಳು ಆಗ್ತೈತಿ, ಎರಡು ಮಳಿಗಾಲಕ್ಕ ತುಕ್ಕು ಹಿಡಿತೈತಿ. ಅದನ್ನೂ ಹೊಸಾದ ಕೇಳ್ರಿ, ಅರ್ಧಾ ರೊಕ್ಕಕ್ಕರ ಬರ್ತಾರ. ಮತ್ತ ಹೊಸಾ ಟ್ಯಾಂಕ್ ಕೂಡಸೂಮುಂದ ಹಳೇ ಟ್ಯಾಂಕಿನ ಮುಚ್ಚಳಾನ ಅದಕ್ಕ ಹಾಕಸ್ರಿ. ಇಲ್ಲಾಂದ್ರ ಗಾಡಿಗೊಂದು ಕೀಲಿ, ಪೆಟ್ರೋಲಿಗೊಂದು ಕೀಲಿ ಹಿಡಕೊಂಡು ಅಡ್ಡಾಡಬೇಕಾಗ್ತೈತಿ.